ಪಿಸ್ಟನ್ನಿಗೆ ಒಂದು ರಾತ್ರಿ ಕೊಡಿ

ಹಿಂಗಾರಿ ಜೋಳ, ಕಡಲೆ, ಕುಸುಬಿ ರಾಶಿಯಾಗಿ ಮನೆ ಸೇರಿದ ಮೇಲೆ ಮುಂಗಾರಿ ಹೆಸರು ಬಿತ್ತುವ ತನಕ ನಮ್ಮ ಎರೆಭೂಮಿಯ ರೈತನಿಗೆ ಕೆಲವು ವಾರಗಳ ಬಿಡುವು. ಎತ್ತಿಗೂ ಬಿಡುವು, ಇಂಜಿನ್ನಿಗೂ ಬಿಡುವು. ಗಜೇಂದ್ರಗಡ ತಾಲೂಕಿನ ಪುರ್ತಗೇರಿಯಿರಲಿ, ರೋಣ-ನರಗುಂದದ ಕಡೆಯ ಯಾವುದೇ ಹಳ್ಳಿಯಿರಲಿ, ಟ್ರ್ಯಾಕ್ಟರಿನ ಇಲ್ಲವೆ ನೀರೆತ್ತುವ ಡೀಸೆಲ್ ಇಂಜಿನ್ನಿನ ಹೆಡ್ಡು ಬಿಚ್ಚಿ ರಿಪೇರಿ ಮಾಡಿಸುವುದು ಹೆಚ್ಚಾಗಿ ಈ ದಿನಗಳಲ್ಲಿಯೇ. ಕರೆಂಟಿನ ಪಂಪು ಬಂದ ಮೇಲೆ ಡೀಸೆಲ್ ಇಂಜಿನ್ನು ಹಿಂದಕ್ಕೆ ಸರಿದಿರಬಹುದು. ಆದರೆ ಟ್ರ್ಯಾಕ್ಟರು ಬಂದ ಊರಿಗೆ ಪಿಸ್ಟನ್ನು ಬಂದೇ ಬಂದಿದೆ.

ಈ ಪುಟದಲ್ಲಿ ನಾವು ಸಾಮಾನ್ಯವಾಗಿ ಬೀಜ, ಗೊಬ್ಬರ, ಕೀಟಗಳ ಮಾತು ಆಡುತ್ತೇವೆ. ಇಂದು ಪಿಸ್ಟನ್ ತೊಳೆಯುವ ಮಾತು. ಇದೇನು ಮಹಾ ವಿಷಯ ಎನ್ನಬೇಡಿರಿ. ಇಂಜಿನ್ ಬಿಚ್ಚಿದಾಗ ಮಿಸ್ತ್ರಿ ತಾನೇ ಕೈಯಾರೆ ಅಳತೆ ನೋಡುತ್ತಾನೆ, ವಾಲ್ವು ಕೂರಿಸುತ್ತಾನೆ, ನಟ್ಟು ಬಿಗಿಯುತ್ತಾನೆ. ಕರಿ ಹಿಡಿದ ಪಿಸ್ಟನ್ ತೊಳೆಯುವ ಕೆಲಸ ಮಾತ್ರ ಎಲ್ಲರಿಗಿಂತ ಸಣ್ಣ ಹುಡುಗನ ಪಾಲಿಗೆ ಬರುತ್ತದೆ. ಅವನ ಮುಂದೆ ಒಂದು ತಗಡಿನ ಡಬ್ಬಿ, ಅದರಲ್ಲಿ ಮೋಟಾರ್ ಸೈಕಲ್ಲಿನಿಂದ ತೆಗೆದ ಪೆಟ್ರೋಲು, ಕೈಯಲ್ಲಿ ತಂತಿಯ ಬ್ರಶ್ಶು. ಹತ್ತಿರದಲ್ಲೇ ಚಹಾದ ಒಲೆ. ಇಡೀ ರಿಪೇರಿಯಲ್ಲಿ ಅತ್ಯಂತ ಅಪಾಯದ ಕೆಲಸವನ್ನು ಅತ್ಯಂತ ಕಡಿಮೆ ತಿಳಿದವನಿಗೆ ಒಪ್ಪಿಸುವ ಈ ಪದ್ಧತಿ ನಿಲ್ಲಬೇಕು. ಅದನ್ನು ನಿಲ್ಲಿಸಬಲ್ಲವನು ಇಂಜಿನ್ನಿನ ಮಾಲೀಕ, ಅಂದರೆ ನೀವು.

ಕರಿ ಎಲ್ಲಿಂದ ಬರುತ್ತದೆ?

ಡೀಸೆಲ್ಲು ಪೂರ್ತಿ ಉರಿದರೆ ಹೊಗೆ ತಿಳಿಯಾಗಿರುತ್ತದೆ. ನಾಜಲ್ ಕೆಟ್ಟು ಎಣ್ಣೆ ಹನಿಹನಿಯಾಗಿ ಬಿದ್ದರೆ, ಗಾಳಿಯ ಜಾಳಿಗೆ ಎರೆಮಣ್ಣಿನ ಧೂಳಿನಿಂದ ಕಟ್ಟಿದರೆ, ಮಿತಿ ಮೀರಿ ಭಾರ ಎಳೆಸಿದರೆ, ಅರ್ಧ ಉರಿದ ಡೀಸೆಲ್ಲು ಮಸಿಯಾಗುತ್ತದೆ. ಅದಕ್ಕೆ ಕೆಳಗಿನಿಂದ ಏರಿ ಬಂದ ಇಂಜಿನ್ ಎಣ್ಣೆ ಬೆಂದು ಸೇರುತ್ತದೆ. ಎರಡೂ ಕೂಡಿ ಪಿಸ್ಟನ್ನಿನ ನೆತ್ತಿಯ ಮೇಲೆ, ರಿಂಗು ಕೂರುವ ಗಾಡಿಗಳಲ್ಲಿ ಕಲ್ಲಿನಂತೆ ಹೆಪ್ಪುಗಟ್ಟುತ್ತವೆ.

ನೆತ್ತಿಯ ಮೇಲಿನ ಕರಿ ಕಣ್ಣಿಗೆ ಕಾಣುತ್ತದೆ. ಆದರೆ ನಿಜವಾದ ಕೇಡು ಗಾಡಿಯೊಳಗಿನ ಕರಿಯದು. ರಿಂಗು ಆಡಲು ಜಾಗವಿಲ್ಲದೆ ಅಂಟಿಕೊಳ್ಳುತ್ತದೆ. ಆಗ ಅದು ಲೈನರಿನ ಗೋಡೆಗೆ ಒತ್ತಿ ನಿಲ್ಲುವುದಿಲ್ಲ. ಮೇಲಿನ ಬಿಸಿ ಗಾಳಿ ಕೆಳಗಿಳಿಯುತ್ತದೆ, ಕೆಳಗಿನ ಎಣ್ಣೆ ಮೇಲೇರುತ್ತದೆ. ಇಂಜಿನ್ನು ಬೆಳಿಗ್ಗೆ ಬೇಗ ಹಿಡಿಯುವುದಿಲ್ಲ, ನೀಲಿ ಹೊಗೆ ಉಗುಳುತ್ತದೆ, ಎಣ್ಣೆ ಕುಡಿಯುತ್ತದೆ. ನಿಮಿಷಕ್ಕೆ 1500 ಸುತ್ತು ತಿರುಗುವ ಇಂಜಿನ್ನಿನಲ್ಲಿ ಪಿಸ್ಟನ್ನು ಒಂದು ಸೆಕೆಂಡಿಗೆ 25 ಸಲ ಏರಿ 25 ಸಲ ಇಳಿಯುತ್ತದೆ ಎಂಬುದನ್ನು ನೆನೆದರೆ, ಗಾಡಿಯಲ್ಲಿ ಉಳಿದ ಒಂದು ಚೂರು ಕರಿಯೂ ಸಣ್ಣದಲ್ಲ ಎಂಬುದು ತಿಳಿಯುತ್ತದೆ.

ಬೀಡೋ, ಅಲ್ಯೂಮಿನಿಯಮ್ಮೋ?

ತೊಳೆಯುವ ಮೊದಲು ಪಿಸ್ಟನ್ನು ಯಾವ ಲೋಹದ್ದು ಎಂದು ತಿಳಿಯಬೇಕು. ಯಂತ್ರ ನಮ್ಮ ಸೀಮೆಗೆ ಹೊಸದಲ್ಲ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಆರಂಭಿಸಿ, ಕಬ್ಬಿಣದ ನೇಗಿಲು ಮಾಡಿ, 1910ರಲ್ಲಿ ಕಿರ್ಲೋಸ್ಕರವಾಡಿಯ ಕಾರಖಾನೆ ಕಟ್ಟಿದರು. ಅವರ ಮನೆತನದ ಆಯಿಲ್ ಇಂಜಿನ್ ಕಂಪನಿ 1946ರಲ್ಲಿ ಪುಣೆಯಲ್ಲಿ ಶುರುವಾಯಿತು. ಇಂಗ್ಲೆಂಡಿನ ಲಿಸ್ಟರ್ ಕಂಪನಿಯ ನಿಧಾನಗತಿಯ ಇಂಜಿನ್ನನ್ನು ನೋಡಿ ರಾಜಕೋಟೆಯ ಕಾರಖಾನೆಗಳು ಅದೇ ಮಾದರಿಯವನ್ನು ಮಾಡಿದವು. ದೊಡ್ಡ ಗಾಲಿಯ, ನಿಮಿಷಕ್ಕೆ 600-650 ಸುತ್ತಿನ ಆ ಇಂಜಿನ್ನನ್ನು ಹಿರಿಯರು ಬಲ್ಲರು.

ಆ ಹಳೆಯ ಲಿಸ್ಟರ್ ಮಾದರಿಯಲ್ಲಿ ಪಿಸ್ಟನ್ನು ಬೀಡು ಕಬ್ಬಿಣದ್ದಿರುತ್ತಿತ್ತು. ಕಾಸ್ಟಿಕ್ ನೀರಿನಲ್ಲಿ ಕುದಿಸುವುದು, ತಂತಿ ಬ್ರಶ್ಶಿನಿಂದ ತಿಕ್ಕುವುದು, ಉಳಿಯಿಂದ ಕೆತ್ತುವುದು, ಇವೆಲ್ಲವನ್ನೂ ಬೀಡು ತಾಳಿಕೊಳ್ಳುತ್ತಿತ್ತು. ಇಂದಿನ ಟ್ರ್ಯಾಕ್ಟರ್ ಮತ್ತು ಪಂಪಿನ ಇಂಜಿನ್ನುಗಳಲ್ಲಿ ಹೆಚ್ಚಿನವು ಅಲ್ಯೂಮಿನಿಯಮ್ ಮಿಶ್ರಲೋಹದ ಪಿಸ್ಟನ್ನುಗಳು. ಲೋಹ ಬದಲಾಯಿತು, ಕೈಯ ರೂಢಿ ಬದಲಾಗಲಿಲ್ಲ. ಅನೇಕ ಪಿಸ್ಟನ್ನುಗಳು ಕೆಡುವುದು ಓಡಿ ಅಲ್ಲ, ತೊಳೆಸಿಕೊಂಡು.

ಅನುಮಾನವಿದ್ದರೆ ಒಂದು ಅಯಸ್ಕಾಂತ ಹಿಡಿದು ನೋಡಿರಿ. ಬೀಡಾದರೆ ಹಿಡಿಯುತ್ತದೆ, ಅಲ್ಯೂಮಿನಿಯಮ್ಮಾದರೆ ಹಿಡಿಯುವುದಿಲ್ಲ. ಕೆಲವು ಪಿಸ್ಟನ್ನುಗಳಲ್ಲಿ ಮೊದಲ ರಿಂಗಿನ ಗಾಡಿಗೆ ಮಾತ್ರ ಕಬ್ಬಿಣದ ಬಳೆ ಕೂರಿಸಿರುತ್ತಾರೆ. ಆದ್ದರಿಂದ ಕೆಳಗಿನ ಮೈಗೆ ಹಿಡಿದು ನೋಡಬೇಕು.

ಮಾಡಬಾರದ ನಾಲ್ಕು ಕೆಲಸ

ಮೊದಲನೆಯದು, ಪೆಟ್ರೋಲು. ಥಿನ್ನರ್ ಕೂಡ ಇದೇ ಜಾತಿಯದು. ಪೆಟ್ರೋಲು ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲೂ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ನಮ್ಮ ಬೇಸಿಗೆಯಲ್ಲಿ ಹೇಳುವುದೇ ಬೇಡ. ಆ ಆವಿ ಗಾಳಿಗಿಂತ ಭಾರ. ಕಣ್ಣಿಗೆ ಕಾಣದೆ ನೆಲ ಹಿಡಿದು ಹರಿದು, ಹತ್ತು ಹೆಜ್ಜೆ ಆಚೆಯ ಒಲೆಯನ್ನೋ ಬೀಡಿಯನ್ನೋ ಸ್ವಿಚ್ಚಿನ ಕಿಡಿಯನ್ನೋ ಮುಟ್ಟಿ, ಬೆಂಕಿಯನ್ನು ಡಬ್ಬಿಯ ತನಕ ಕರೆತರುತ್ತದೆ. ತೊಳೆಯುವವನ ಕೈ, ಅಂಗಿ, ಎರಡೂ ಪೆಟ್ರೋಲಿನಲ್ಲಿ ನೆನೆದಿರುತ್ತವೆ. ಚಿಮಣಿ ಎಣ್ಣೆ ಮೊದಲಿನಷ್ಟು ಸುಲಭವಾಗಿ ಸಿಗುವುದಿಲ್ಲವೆಂಬುದು ನಿಜ. ಅದಕ್ಕೆ ಪೆಟ್ರೋಲು ಉತ್ತರವಲ್ಲ. ಇಂಜಿನ್ನಿಗೆ ಹಾಕುವ ಡೀಸೆಲ್ಲೇ ಸಾಕು.

ಆದರೆ ಡೀಸೆಲ್ಲೂ ಚಿಮಣಿ ಎಣ್ಣೆಯೂ ನೀರಲ್ಲ. ಹೊತ್ತಿಕೊಳ್ಳುವಷ್ಟು ಆವಿ ಬಿಡಲು ಅವುಗಳಿಗೆ ಕನಿಷ್ಠ 35 ಡಿಗ್ರಿ ಶಾಖವಾದರೂ ಬೇಕೆಂದು ಭಾರತೀಯ ಮಾನಕ ಹೇಳುತ್ತದೆ. ಏಪ್ರಿಲ್-ಮೇ ತಿಂಗಳ ಮಧ್ಯಾಹ್ನ ತಗಡಿನ ಛಾವಣಿಯ ಕೆಳಗೆ ಆ ಶಾಖ ಇದ್ದೇ ಇರುತ್ತದೆ. ಆದ್ದರಿಂದ ತೊಳೆಯುವ ಕೆಲಸ ಬೆಳಗಿನ ತಂಪಿನಲ್ಲಿ, ಬೇವಿನ ನೆರಳಿನಲ್ಲಿ, ಗಾಳಿಯಾಡುವ ಜಾಗದಲ್ಲಿ ನಡೆಯಲಿ. ಬೇಗ ಕರಗಲೆಂದು ಎಣ್ಣೆಯ ಡಬ್ಬಿಯನ್ನು ಒಲೆಯ ಮೇಲಿಡುವುದಂತೂ ಎಂದಿಗೂ ಕೂಡದು.

ಎರಡನೆಯದು, ಕಾಸ್ಟಿಕ್ ಸೋಡಾ. ಅದು ಅಲ್ಯೂಮಿನಿಯಮ್ಮನ್ನೇ ತಿನ್ನುತ್ತದೆ. ನೊರೆಯೆದ್ದಾಗ ಕೊಳೆ ಬಿಡುತ್ತಿದೆ ಎಂದು ಸಂತೋಷಪಡುವವರುಂಟು; ಬಿಡುತ್ತಿರುವುದು ಲೋಹ. ಏಳುವ ಗುಳ್ಳೆ ಜಲಜನಕ, ಅದೂ ಉರಿಯುವ ಅನಿಲ. ಗಾಡಿಯ ಅಂಚು ಸವೆದು ರಿಂಗು ಸಡಿಲವಾದರೆ ಆ ಪಿಸ್ಟನ್ ಗುಜರಿಗೆ ಮಾತ್ರ ಯೋಗ್ಯ. ಕಾಸ್ಟಿಕ್ ನೀರಿನ ಒಂದು ಹನಿ ಕಣ್ಣಿಗೆ ಸಿಡಿದರೆ ದೃಷ್ಟಿ ಹೋಗಬಹುದು.

ಮೂರನೆಯದು, ತಂತಿ ಬ್ರಶ್ಶು, ಗ್ರೈಂಡರಿಗೆ ಕಟ್ಟಿದ ತಂತಿಯ ಚಕ್ರ, ಎಮರಿ ಕಾಗದ, ಮರಳು. ಅಲ್ಯೂಮಿನಿಯಮ್ ಮೆದು. ಚಕ್ರ ಗಾಡಿಯ ಅಂಚುಗಳನ್ನು ದುಂಡು ಮಾಡುತ್ತದೆ. ಎಮರಿಯ ಹರಳು ಲೋಹದಲ್ಲಿ ನಾಟಿ ಕುಳಿತು, ಇಂಜಿನ್ನು ತಿರುಗಿದಂತೆ ಹೊಸ ಲೈನರನ್ನು ಗೀರುತ್ತದೆ. ಹೊಳಪು ಬಂದ ಪಿಸ್ಟನ್ನು ನೋಡಲು ಚೆಂದ. ಅದೇ ಹೊಳಪು ಮುಂದೆ ನಿಮ್ಮ ಲೈನರಿಗೆ ಅರದ ಕೆಲಸ ಮಾಡೀತು. ಚಕ್ರದಿಂದ ಕಿತ್ತು ಹಾರುವ ತಂತಿಯ ಚೂರು ಕಣ್ಣಿಗೆ ನಾಟುವ ಅಪಾಯ ಬೇರೆ.

ನಾಲ್ಕನೆಯದು, ಒಣ ಕೆರೆತ ಮತ್ತು ಬೆಂಕಿ. ಒಣಗಿದ ಕರಿಯನ್ನು ಕೆರೆದರೆ ಧೂಳು ಎದೆಗೆ ಇಳಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲಿ ಡೀಸೆಲ್ ಹೊಗೆಯನ್ನು ಕ್ಯಾನ್ಸರ್ ತರುವ ವಸ್ತುವೆಂದು ಸಾರಿತು. ಪಿಸ್ಟನ್ನಿನ ಮಸಿಯೂ ಅದೇ ಉರಿಯಲ್ಲಿ ಹುಟ್ಟಿದ್ದು. 2000ಕ್ಕಿಂತ ಹಿಂದೆ ಪೆಟ್ರೋಲಿನಲ್ಲಿ ಸೀಸವಿರುತ್ತಿತ್ತು. ಆ ಕಾಲದ ಪೆಟ್ರೋಲ್-ಚಿಮಣಿ ಎಣ್ಣೆಯ ಇಂಜಿನ್ನು ಮೂಲೆಯಲ್ಲಿದ್ದು ಈಗ ಬಿಚ್ಚುತ್ತಿದ್ದರೆ ಅದರ ಕರಿಯಲ್ಲಿ ಸೀಸ ಉಳಿದಿರಬಹುದು. ಹಳೆಯ ಹೆಡ್ ಗ್ಯಾಸ್ಕೆಟ್ಟುಗಳಲ್ಲಿ ತಾಮ್ರದ ಹಾಳೆಯ ನಡುವೆ ಕಲ್ನಾರು ಇರುತ್ತಿತ್ತು. ಅದರ ಎಳೆಗಳು ಶ್ವಾಸಕೋಶಕ್ಕೆ ಮಾರಕ. ಏನೇ ಕೆರೆಯುವುದಿದ್ದರೂ ಒದ್ದೆ ಮಾಡಿ ಕೆರೆಯಬೇಕು, ಮೂಗು-ಬಾಯಿಗೆ ಮಾಸ್ಕ್ ಇರಬೇಕು. ಎಣ್ಣೆ ಮೆತ್ತಿದ ಪಿಸ್ಟನ್ನಿಗೆ ಬ್ಲೋಲ್ಯಾಂಪಿನ ಉರಿ ಹಿಡಿಯುವುದು ಮೈಗೂ ಕೇಡು, ಲೋಹಕ್ಕೂ ಕೇಡು.

ಸರಿಯಾದ ಕ್ರಮ

ಈಗ ಮಾಡಬೇಕಾದುದನ್ನು ಕೇಳಿರಿ. ಇದಕ್ಕೆ ಬೇಕಾದುದು ದುಬಾರಿ ಸಾಮಾನಲ್ಲ. ಒಂದು ರಾತ್ರಿಯ ತಾಳ್ಮೆ.

ಸಂಜೆಯ ಹೊತ್ತಿಗೆ ಪಿಸ್ಟನ್ ಹೊರಗೆ ಬರಲಿ. ತೆಗೆಯುವ ಮೊದಲೇ ಅದು ಯಾವ ಕಡೆ ಮುಖ ಮಾಡಿ ಕುಳಿತಿತ್ತು, ಎಷ್ಟನೇ ಸಿಲಿಂಡರಿನದು ಎಂದು ಗುರುತು ಮಾಡಿಕೊಳ್ಳಿರಿ. ಉಳಿಯಿಂದ ಕಚ್ಚು ಹೊಡೆಯಬೇಡಿರಿ, ಬಣ್ಣದ ಚುಕ್ಕೆ ಸಾಕು. ಎರಡು ಮೂರು ಪಿಸ್ಟನ್ನಿದ್ದರೆ ಬೇರೆ ಬೇರೆ ಡಬ್ಬಿ ಇಡಿರಿ.

ಗಜನ್ ಪಿನ್ನಿನ ಎರಡೂ ತುದಿಯ ಸರ್ಕ್ಲಿಪ್ ತೆಗೆಯುವಾಗ ಕಣ್ಣಿಗೆ ಕನ್ನಡಕ ಹಾಕಿರಿ, ಮೇಲೊಂದು ಬಟ್ಟೆ ಹಿಡಿಯಿರಿ. ಅದು ಬಾಣದಂತೆ ಹಾರುತ್ತದೆ. ಪಿನ್ನು ಬಿಗಿಯಾಗಿದ್ದರೆ ಸುತ್ತಿಗೆಯಿಂದ ಬಡಿಯಬೇಡಿರಿ. ಪಿಸ್ಟನ್ನಿನ ಎಣ್ಣೆ ಒರೆಸಿ, ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ಅದ್ದಿರಿ. ಅಲ್ಯೂಮಿನಿಯಮ್ಮು ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುವ ಲೋಹ. 100 ಮಿಲಿಮೀಟರ್ ಅಡ್ಡಳತೆಯ ಪಿಸ್ಟನ್ನು 100 ಡಿಗ್ರಿ ಬಿಸಿಯೇರಿದರೆ ಸುಮಾರು 0.2 ಮಿ.ಮೀ.ನಷ್ಟು ಹಿಗ್ಗುತ್ತದೆ; ಬೀಡು ಅದರ ಅರ್ಧದಷ್ಟು. ಹೀಗಾಗಿ ಬಿಸಿನೀರು ತೂತನ್ನು ಹಿಗ್ಗಿಸಿ ಪಿನ್ನನ್ನು ಬಿಟ್ಟುಕೊಡುತ್ತದೆ. ಪಿಸ್ಟನ್ನಿಗೂ ಲೈನರಿಗೂ ನಡುವಿನ ಸಂದು ಕೂದಲೆಳೆಯ ಲೆಕ್ಕದಲ್ಲಿ ಏಕೆ ಇರುತ್ತದೆ, ಒಂದು ಗೀರು ಏಕೆ ದೊಡ್ಡ ಮಾತು ಎಂಬುದೂ ಇದರಿಂದ ತಿಳಿಯಬೇಕು.

ರಿಂಗುಗಳನ್ನು ಮೇಲಿನಿಂದ ಒಂದೊಂದಾಗಿ ತೆಗೆಯಿರಿ. ರಿಂಗ್ ಅಗಲಿಸುವ ಇಕ್ಕಳವಿದ್ದರೆ ಉತ್ತಮ; ಇಲ್ಲವಾದರೆ ತೆಳುವಾದ ಮೂರು ತಗಡಿನ ಪಟ್ಟಿಗಳನ್ನು ರಿಂಗಿನ ಕೆಳಗೆ ಸೇರಿಸಿ ಮೇಲಕ್ಕೆ ಸರಿಸಬಹುದು. ರಿಂಗಿನ ತುದಿ ಚೂರಿಯಷ್ಟು ಹರಿತ, ಮುರಿದರೆ ಇನ್ನೂ ಹರಿತ. ಕೈಗೆ ಗವಸು ಬೇಕು. ಅಂಟಿಕೊಂಡ ರಿಂಗನ್ನು ಮೀಟಬೇಡಿರಿ, ಮೊದಲು ನೆನೆಯಲಿ.

ಈಗ ಮುಚ್ಚಳವಿರುವ ತಗಡಿನ ಡಬ್ಬಿಯಲ್ಲಿ ಪಿಸ್ಟನ್ನು ಮುಳುಗುವಷ್ಟು ಡೀಸೆಲ್ಲೋ ಚಿಮಣಿ ಎಣ್ಣೆಯೋ ಹಾಕಿ, ಮುಚ್ಚಿ, ಅಡುಗೆಮನೆಯಿಂದ, ದನದ ಕೊಟ್ಟಿಗೆಯಿಂದ, ಮೇವಿನ ಬಣವೆಯಿಂದ ದೂರ, ಮಕ್ಕಳ ಕೈಗೆ ಸಿಗದಲ್ಲಿ ರಾತ್ರಿಯಿಡೀ ಇಡಿರಿ. ತಂತಿ ಬ್ರಶ್ಶು ಒಂದು ತಾಸು ಬಡಿದಾಡಿ ಮಾಡುವ ಕೆಲಸವನ್ನು ಈ ರಾತ್ರಿ ಸದ್ದಿಲ್ಲದೆ ಮಾಡಿ ಮುಗಿಸುತ್ತದೆ.

ಬೆಳಿಗ್ಗೆ ಮೆತ್ತಗಾದ ಕರಿಯನ್ನು ಬಿದಿರಿನ ಚಕ್ಕೆ, ಗಟ್ಟಿ ಪ್ಲಾಸ್ಟಿಕ್ಕಿನ ತುಂಡು, ಮರದ ಕಡ್ಡಿ, ಇಂಥವುಗಳಿಂದ ಕೆರೆದು ತೆಗೆಯಿರಿ. ಬಿಡದಿದ್ದರೆ ಮತ್ತೆ ನೆನೆಸಿರಿ. ನೆತ್ತಿಯ ಮೇಲೆ ಕಲೆಯಷ್ಟು ತೆಳುವಾದ ಕಪ್ಪು ಉಳಿದರೆ ಚಿಂತೆಯಿಲ್ಲ. ಅದನ್ನು ಕನ್ನಡಿ ಮಾಡಬೇಕಾಗಿಲ್ಲ. ಪಕ್ಕದ ಮೈಯನ್ನು, ಅಂದರೆ ಸ್ಕರ್ಟನ್ನು, ಮೆದು ಬಟ್ಟೆಯಿಂದ ಒರೆಸುವುದು ಬಿಟ್ಟು ಬೇರೇನೂ ಮಾಡಬಾರದು. ಅದರ ಮೇಲೆ ಕಾರಖಾನೆಯವರು ಕೊಟ್ಟ ತೆಳುವಾದ ಲೇಪವಿರಬಹುದು.

ಗಾಡಿಗಳಿಗೆ ಮುರಿದ ಹಳೆಯ ರಿಂಗಿನ ತುಂಡು ಬಳಸುವುದು ಮಿಸ್ತ್ರಿಗಳ ರೂಢಿ. ಅದು ತಪ್ಪಲ್ಲ, ಆದರೆ ಎಚ್ಚರ ಬೇಕು. ಆಯಾ ಗಾಡಿಗೆ ಅದೇ ಗಾಡಿಯ ರಿಂಗು. ಹಿಡಿಯುವ ತುದಿಗೆ ದಪ್ಪ ಬಟ್ಟೆ ಸುತ್ತಿರಿ. ಎಳೆಯಿರಿ, ಒತ್ತಬೇಡಿರಿ. ಕಪ್ಪು ಪುಡಿ ಬರುವ ತನಕ ಅದು ಕರಿ. ಬೆಳ್ಳಿಯಂಥ ಹೊಳೆಯುವ ಚೂರು ಕಂಡ ಕೂಡಲೇ ಕೈ ನಿಲ್ಲಿಸಿರಿ, ಅದು ಪಿಸ್ಟನ್ನು. ಎಣ್ಣೆ ರಿಂಗಿನ ಗಾಡಿಯಲ್ಲಿ ಸಣ್ಣ ತೂತುಗಳಿರುತ್ತವೆ. ಎಣ್ಣೆ ಮರಳಿ ಇಳಿಯುವ ದಾರಿ ಅವೇ. ಹಲ್ಲುಕಡ್ಡಿಯಂಥ ಮರದ ಕಡ್ಡಿಯಿಂದ ಒಂದೊಂದನ್ನೂ ತೆರವು ಮಾಡಿರಿ. ಹೆಚ್ಚಿನವರು ಮರೆಯುವುದು ಇವನ್ನೇ.

ಕೊನೆಗೆ ಉಗುರುಬೆಚ್ಚಗಿನ ಸಾಬೂನಿನ ನೀರಿನಲ್ಲಿ ಮೆದು ಬ್ರಶ್ಶಿನಿಂದ ತೊಳೆದು, ಒಳ್ಳೆಯ ನೀರಿನಲ್ಲಿ ಜಾಲಾಡಿ, ಒಣಗಿಸಿರಿ. ಪಂಕ್ಚರ್ ಅಂಗಡಿಯ ಗಾಳಿಯಿಂದ ಒಣಗಿಸುವುದಾದರೆ ಕನ್ನಡಕ ಇರಲಿ. ಆ ಗಾಳಿಯನ್ನು ಯಾರ ಮೈಮೇಲೂ ತಮಾಷೆಗೂ ಬಿಡಬಾರದು. ಒಣಗಿದ ಮೇಲೆ ಹೊಸ ಇಂಜಿನ್ ಎಣ್ಣೆ ಸವರಿ ಶುದ್ಧ ಬಟ್ಟೆಯಲ್ಲಿ ಸುತ್ತಿಡಿರಿ.

ತೊಳೆದ ಪಿಸ್ಟನ್ನನ್ನು ಬೆಳಕಿಗೆ ಹಿಡಿದು ನೋಡುವುದೂ ತೊಳೆಯುವುದರ ಭಾಗವೇ. ಪಿನ್ನಿನ ತೂತಿನ ಸುತ್ತ, ಗಾಡಿಗಳ ನಡುವೆ, ನೆತ್ತಿಯ ಕುಳಿಯ ಅಂಚಿನಲ್ಲಿ ಬಿರುಕು ಇದೆಯೇ? ಹೊಸ ರಿಂಗನ್ನು ಗಾಡಿಯಲ್ಲಿಟ್ಟು ಫೀಲರ್ ಗೇಜ್ ತೂರಿಸಿ, ಸಂದು ಕಂಪನಿಯ ಪುಸ್ತಕದಲ್ಲಿ ಹೇಳಿದ್ದಕ್ಕಿಂತ ಹೆಚ್ಚಿದೆಯೇ? ಇದ್ದರೆ ಆ ಪಿಸ್ಟನ್ನಿಗೆ ಎಷ್ಟು ತೊಳೆದರೂ ಆಯುಷ್ಯವಿಲ್ಲ, ಹೊಸದು ಹಾಕುವುದೇ ಉಳಿತಾಯ. ಕರಿ ಹಿಡಿಯಲು ಕಾರಣವಾದ ನಾಜಲ್ಲು, ಗಾಳಿ ಜಾಳಿಗೆಗಳನ್ನು ಹಾಗೆಯೇ ಬಿಟ್ಟು ಪಿಸ್ಟನ್ ಮಾತ್ರ ತೊಳೆದರೆ ಬರುವ ವರ್ಷ ಇದೇ ಕೆಲಸ ಮತ್ತೆ ಕಾದಿರುತ್ತದೆ.

ಉಳಿದ ಎಣ್ಣೆ ಎಲ್ಲಿಗೆ?

ತೊಳೆದ ಕಪ್ಪು ಎಣ್ಣೆಯನ್ನು ಹಳ್ಳಕ್ಕೆ, ಬಾವಿಯ ಬದಿಗೆ, ಬೋರಿನ ಸುತ್ತ ಚೆಲ್ಲಬೇಡಿರಿ. ನಮ್ಮಂಥ ಮಳೆಯಾಶ್ರಿತ ಸೀಮೆಯಲ್ಲಿ ನೆಲದಡಿಯ ನೀರನ್ನು ಕೆಡಿಸಿಕೊಂಡರೆ ಬೇರೆ ನೀರಿಲ್ಲ. ಮುಚ್ಚಳದ ಡಬ್ಬಿಯಲ್ಲಿ ಕೂಡಿಟ್ಟು ಹಳೆಯ ಎಣ್ಣೆ ಕೊಳ್ಳುವ ಗ್ಯಾರೇಜಿಗೆ ಕೊಡಿರಿ. ಉಣ್ಣೆ ಸಾಯಲೆಂದು ಅದನ್ನು ದನದ ಮೈಗೆ ಹಚ್ಚುವುದೂ ಬೇಡ. ದನ ಮೈ ನೆಕ್ಕುತ್ತದೆ, ಲೋಹದ ಪುಡಿಯೂ ವಿಷವೂ ಹೊಟ್ಟೆ ಸೇರುತ್ತವೆ. ಎಣ್ಣೆ ಮೆತ್ತಿದ ಕೈಯಿಂದ ರೊಟ್ಟಿ ಮುರಿಯಬೇಡಿರಿ. ಕೈ ತೊಳೆಯಲು ಪೆಟ್ರೋಲಲ್ಲ, ಸಾಬೂನು. ವರ್ಷಾನುಗಟ್ಟಲೆ ಹಳೆಯ ಎಣ್ಣೆಯಲ್ಲಿ ಅದ್ದಿದ ಚರ್ಮಕ್ಕೆ ತುರಿ, ಬಿರುಕು ಅಷ್ಟೇ ಅಲ್ಲ, ಕ್ಯಾನ್ಸರಿನ ಭಯವೂ ಇದೆ.

ಅನಾಹುತವಾದರೆ

ಡಬ್ಬಿಗೆ ಬೆಂಕಿ ಹತ್ತಿದರೆ ನೀರು ಸುರಿಯಬೇಡಿರಿ. ಎಣ್ಣೆ ತೇಲಿ ಬೆಂಕಿ ಹರಡುತ್ತದೆ. ಮುಚ್ಚಳ ಮುಚ್ಚಿರಿ, ಇಲ್ಲವೆ ಒಣ ಮರಳು, ಮಣ್ಣು ಹಾಕಿರಿ. ಕೆಲಸಕ್ಕೆ ಕೂರುವ ಮೊದಲೇ ಒಂದು ಬುಟ್ಟಿ ಮರಳು ಪಕ್ಕದಲ್ಲಿರಲಿ. ಮೈಗೆ ಹತ್ತಿದರೆ ಓಡಗೊಡಬೇಡಿರಿ, ನೆಲಕ್ಕೆ ಕೆಡವಿ ದಪ್ಪ ಕಂಬಳಿಯಿಂದ ಮುಚ್ಚಿರಿ. ಸುಟ್ಟ ಭಾಗಕ್ಕೆ 20 ನಿಮಿಷ ತಣ್ಣೀರು ಹರಿಸಿರಿ. ಶಾಯಿ, ಟೂತ್‌ಪೇಸ್ಟ್, ಎಣ್ಣೆ, ಅರಿಷಿಣ ಏನೂ ಬೇಡ. ಕಣ್ಣಿಗೆ ಏನೇ ಬಿದ್ದರೂ ರೆಪ್ಪೆ ತೆರೆದು ಬಹಳ ಹೊತ್ತು ನೀರಿನಿಂದ ತೊಳೆಯಿರಿ. ಮಗು ಚಿಮಣಿ ಎಣ್ಣೆಯನ್ನೋ ಡೀಸೆಲ್ಲನ್ನೋ ಕುಡಿದರೆ ವಾಂತಿ ಮಾಡಿಸಬೇಡಿರಿ. ವಾಂತಿಯೊಡನೆ ಅದು ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಅಪಾಯ. ಎಲ್ಲಕ್ಕೂ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಒಯ್ಯಿರಿ.

ಹುಡುಗನ ಮಾತು

ಇನ್ನು ಮೊದಲು ಹೇಳಿದ ಆ ಹುಡುಗನ ವಿಷಯ. 1986ರ ಬಾಲಕಾರ್ಮಿಕ ಕಾಯ್ದೆಯನ್ನು 2016ರಲ್ಲಿ ತಿದ್ದಿದ ಮೇಲೆ 14 ವರ್ಷದೊಳಗಿನ ಮಗುವನ್ನು ಯಾವ ಅಂಗಡಿಯಲ್ಲೂ ಆಳಾಗಿ ಇಟ್ಟುಕೊಳ್ಳುವಂತಿಲ್ಲ. 18ರೊಳಗಿನವರನ್ನು ಅಪಾಯದ ಕೆಲಸಗಳಿಗೆ ಹಚ್ಚುವಂತಿಲ್ಲ. ಕಾಯ್ದೆಯ ಭಯಕ್ಕಿಂತ ದೊಡ್ಡದು ನಮ್ಮ ವಿವೇಕ. ಕೆಲಸ ಕಲಿಯುವ ಹುಡುಗನಿಗೆ ಕಲಿಸಬೇಕಾದುದು ಹೇಗೆ ನೋಡಬೇಕು, ಹೇಗೆ ಅಳೆಯಬೇಕು ಎಂಬುದನ್ನು. ಹೊಗೆ ಮತ್ತು ಬೆಂಕಿಯ ಮುಂದೆ ಮೊದಲು ಕೂರುವುದನ್ನಲ್ಲ. ಕಲಿಯಲು ಐಟಿಐಗಳಿವೆ. 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆ ಹಳ್ಳಿಯ ತರುಣರಿಗೆ ಕಸುಬಿನ ತರಬೇತಿ ಕೊಡುತ್ತ ಬಂದಿದೆ. ನಮ್ಮ ಜಿಲ್ಲೆಯ ಹುಲಕೋಟಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ಊರಿನ ನಾಲ್ಕು ಟ್ರ್ಯಾಕ್ಟರ್ ಮಾಲೀಕರೂ ಇಬ್ಬರು ಮಿಸ್ತ್ರಿಗಳೂ ಕೂಡಿ, ಬೇಸಿಗೆಯಲ್ಲಿ ಇಂಜಿನ್ ನಿಗಾ ಕುರಿತು ಒಂದು ದಿನದ ತಿಳಿವಳಿಕೆ ಬೇಕೆಂದು ಅಲ್ಲಿ ಕೇಳಿಕೊಳ್ಳುವುದರಲ್ಲಿ ನಷ್ಟವೇನಿಲ್ಲ.

ಮಿಸ್ತ್ರಿಯನ್ನು ದೂರಿ ಪ್ರಯೋಜನವಿಲ್ಲ. ಬೆಳಿಗ್ಗೆ ಬಿಚ್ಚಿ ಸಂಜೆಗೆ ಓಡಿಸಿಕೊಡು ಎಂದು ಅವಸರಪಡಿಸುವವರು ನಾವೇ. ಒಂದು ದಿನದ ಕೂಲಿ ಉಳಿಯಲೆಂದು ನಾವು ಅವಸರಿಸಿದರೆ ಅವನು ಪೆಟ್ರೋಲು ಹಿಡಿಯುತ್ತಾನೆ. ಇಂಜಿನ್ ಬಿಚ್ಚಿಸುವ ದಿನ ಎರಡು ಮಾತು ಹೇಳಿರಿ: ಪೆಟ್ರೋಲು ಬೇಡ, ಹುಡುಗನ ಕೈಗೆ ಬೇಡ. ಮೂರನೆಯ ಮಾತು ನಿಮ್ಮ ಪಾಲಿನದು: ನಾಳೆ ಮಾಡು, ನಾನು ಕಾಯುತ್ತೇನೆ. ಹಸಿ ಮೀರಿ ಬಿತ್ತಿದರೆ ಬೆಳೆ ಬರುವುದಿಲ್ಲ ಎಂದು ಬಲ್ಲ ರೈತನಿಗೆ, ಹದ ಬರುವ ತನಕ ಕಾಯುವುದನ್ನು ಯಾರೂ ಕಲಿಸಬೇಕಾಗಿಲ್ಲ. ಪಿಸ್ಟನ್ನಿಗೂ ಒಂದು ಹದವಿದೆ. ಅದು ಒಂದು ರಾತ್ರಿ.